ನೋವಿನ ಮಾತ್ರೆ ಎರಡು ಸೇರಿಸಿದ್ರೆ ಪವರ್ ಡಬಲ್ಲಾ? ಡಾಕ್ಟ್ರನ್ನ ಕೇಳಿ

ಅಡ್ಮಿನ್: ಇವತ್ತು ಸಂಜೆ ನಮ್ಮ ಮಡಿಕೇರಿ ವೆಟ್ ಡಾಕ್ಟ್ರು ಸಿಗ್ತಾರೆ. ಓದುವಾಗ ಇಲಿಗಳಲ್ಲಿ ನೋವಿನ ಔಷಧಿ ಜೋಡಿ ಟೆಸ್ಟ್ ಮಾಡಿದವ್ರು. ಫಾರ್ವರ್ಡ್ ಬೇಡ ದಯವಿಟ್ಟು.

ಪೊನ್ನಂಪೇಟೆ ಸ್ಟೂಡೆಂಟ್: ಸರ್, ಜೋಡಿಲಿ ಸಿನರ್ಜಿ, ಅಂದ್ರೆ ಬರೀ ಕೂಡಿಕೆಗಿಂತ ಜಾಸ್ತಿ ಪರಿಣಾಮ, ಇದೆ ಅಂತ ಹೇಗೆ ಗೊತ್ತಾಗತ್ತೆ?

ಡಾಕ್ಟ್ರು: ಸುಮಾರು 55 ಡಿಗ್ರಿ ಬಿಸಿ ಪ್ಲೇಟ್ ಮೇಲೆ ಇಲಿ ಬಿಟ್ಟು, ಕಾಲು ನೆಕ್ಕಕ್ಕೆ ಎಷ್ಟು ಸೆಕೆಂಡ್ ಅಂತ ಸ್ಟಾಪ್‌ವಾಚ್ ಹಿಡ್ಕೊಂಡು ಕೂರದು, ಪಾದ ಸುಡಬಾರ್ದಲ್ಲ, ಅದಕ್ಕೆ ಲಿಮಿಟ್ ಆದ ತಕ್ಷಣ ನೆಕ್ಕದಿದ್ರೂ ಎತ್ತಿಬಿಡ್ಬೇಕು. ಮೊದ್ಲು ಒಂದೊಂದೇ ಔಷಧಿ ಕೊಟ್ಟು ಅರ್ಧ ಪರಿಣಾಮದ ಡೋಸ್ ಹುಡುಕ್ತೀವಿ, ಅದೇ ಇಡಿ50. ಲೆಕ್ಕಕ್ಕೆ ಒಂದಕ್ಕೆ 100, ಇನ್ನೊಂದಕ್ಕೆ 10 ಅಂದ್ಕೊಳ್ಳಿ. ಬರೀ ಕೂಡಿಕೆ ಆದ್ರೆ 50 ಮತ್ತೆ 5ಕ್ಕೆ ಅದೇ ಕೆಲ್ಸ ಆಗ್ಬೇಕು. 25 ಮತ್ತೆ 2.5ಕ್ಕೇ ಆಗ್ಬಿಟ್ರೆ ಸಿನರ್ಜಿ. ಗ್ರಾಫಿಗೆ ಐಸೊಬೊಲೊಗ್ರಾಂ ಅಂತಾರೆ, ಬರೀ ಕೂಡಿಕೆಯ ಗೆರೆ ಕೆಳಗೆ ಬಿದ್ರೆ ಸಿನರ್ಜಿ, ಮೇಲೆ ಹೋದ್ರೆ ಒಂದಕ್ಕೊಂದು ಅಡ್ಡಗಾಲು. ಟ್ರಮಡಾಲ್–ಪ್ಯಾರಸಿಟಮಾಲ್‌ಗೆ ಇಲಿಲಿ 1996ರಲ್ಲೇ ಸಿನರ್ಜಿ ನೋಡಿದಾರೆ, ಅದೂ ಎಲ್ಲಾ ಅನುಪಾತದಲ್ಲಿ ಅಲ್ಲ. "ಎರಡೂ ಕೊಟ್ವಿ, ನೋವು ಕಮ್ಮಿ ಆಯ್ತು" ಅನ್ನೋದು ಸಿನರ್ಜಿ ಅಲ್ಲ. ಇಬ್ರು ಸೇರಿ ಎರಡು ಮೂಟೆ ಕಾಫಿ ಹೊತ್ರೆ ಏನು ವಿಶೇಷ, ಮೂರು ಹೊತ್ರೆ ಹೇಳಿ.

ಗೋಣಿಕೊಪ್ಪ ಅಕ್ಕ: ಬೆಕ್ಕಿಗೆ ಅರ್ಧ ಪ್ಯಾರಸಿಟಮಾಲ್ ಕೊಡ್ಬಹುದಾ?

ಡಾಕ್ಟ್ರು: ಬೇಡ. ಸಾಯತ್ತೆ.

ಸಿದ್ದಾಪುರ ತೋಟ: ಡಾಕ್ಟ್ರೆ ನಮ್ಮ ಲ್ಯಾಬ್ರಡಾರ್ ನಾಯಿ 28 ಕೆಜಿ, ಕಾಲು ಕುಂಟ್ತಿತ್ತು. ಮೆಡಿಕಲ್‌ನಲ್ಲಿ ಐಬುಪ್ರೊಫೆನ್ 400 ಪ್ಯಾರಸಿಟಮಾಲ್ 325 ಇರೋ ಮಾತ್ರೆ ಕೊಟ್ರು, ಬೆಳಿಗ್ಗೆ ರಾತ್ರಿ ಮೂರು ದಿನ ಹಾಕಿದ್ವಿ, ಕುಂಟೋದು ನಿಂತಿತ್ತು. ನಿನ್ನೆಯಿಂದ ಅನ್ನ ಮುಟ್ತಿಲ್ಲ, ಮಲ ಟಾರ್ ತರ ಕಪ್ಪು.

ಡಾಕ್ಟ್ರು: ಬೇರೆ ಏನಾದ್ರೂ ಕೊಟ್ರಾ? ತುಟಿ ಎತ್ತಿ ವಸಡು ನೋಡಿ, ಬಣ್ಣ ಹೇಳಿ.

ಸಿದ್ದಾಪುರ ತೋಟ: ಮೊನ್ನೆ ಒಬ್ರು ಬಂದು ಊತಕ್ಕೆ ಡೆಕ್ಸಾ ಇಂಜೆಕ್ಷನ್ ಹಾಕಿ ಹೋದ್ರು. ವಸಡು ಕಾಫಿ ಹೂ ತರ ಬಿಳಿ.

ಡಾಕ್ಟ್ರು: ಈಗ್ಲೇ ಹೊರಡಿ, ದಾರಿಲಿ ಓದಿ. ಕಪ್ಪು ಮಲ ಅಂದ್ರೆ ಹೊಟ್ಟೆಲಿ ರಕ್ತ ಸೋರ್ತಿದೆ. ನಾಯಿ ದೇಹದಿಂದ ಐಬುಪ್ರೊಫೆನ್ ನಮ್ಮಷ್ಟು ಬೇಗ ಹೋಗಲ್ಲ, ನೀವು ಕೊಟ್ಟಿದ್ದು ಒಂದು ಸಲಕ್ಕೆ ಕೆಜಿಗೆ 14 ಮಿಲಿಗ್ರಾಂ ಹತ್ರ, ದಿನಕ್ಕೆರಡು ಸಲ, ಅದ್ರ ಮೇಲೆ ಡೆಕ್ಸಾ ಅನ್ನೋ ಸ್ಟೀರಾಯ್ಡ್. ನೋವಿಗೆ ಸಿನರ್ಜಿ ಹುಡುಕೋವ್ರು ಹುಣ್ಣಿಗೂ ಅದೇ ತರ ಅಳೀಬೇಕು, ಸ್ಟೀರಾಯ್ಡ್ ಜೊತೆ ಐಬುಪ್ರೊಫೆನ್ ಗುಂಪಿನ ಮಾತ್ರೆ ಅಂದ್ರೆ ಹೊಟ್ಟೆ ಗೋಡೆಗೆ ಎರಡು ಕಡೆಯಿಂದ ಪೆಟ್ಟು. ಕಿಡ್ನಿನೂ ನೋಡ್ಬೇಕು. ಇನ್ನೊಂದು ಮಾತ್ರೆ ಬೇಡ, ಅರಿಶಿನ ಹಾಲು ಬೇಡ. ಸ್ಟ್ರಿಪ್ ತಗೊಂಡ್ಹೋಗಿ, ಡೆಕ್ಸಾ ವಿಷಯ ಮೊದ್ಲೇ ಹೇಳಿ. ಕುಂಟೋದು ನಿಂತಿತ್ತು ಅಂತ ಧೈರ್ಯ ಮಾಡಿದ್ದೇ ಎಡವಟ್ಟು, ನೋವು ಹೋದ್ರೂ ಒಳಗೆ ಹುಣ್ಣು ಬೆಳೀತಾನೇ ಇರತ್ತೆ.

ಕುಶಾಲನಗರ ಮೆಡಿಕಲ್: ಎಲ್ಲಾ ಮೆಡಿಕಲ್‌ನವ್ರ ಮೇಲೆ ಹಾಕ್ಬೇಡಿ. ಕಾಂಬಿನೇಷನ್ ಸರ್ಕಾರನೇ ಒಪ್ಪಿರದು.

ಪೊನ್ನಂಪೇಟೆ ಸ್ಟೂಡೆಂಟ್: 2024 ಆಗಸ್ಟಲ್ಲಿ ಅದೇ ಸರ್ಕಾರ 156 ಕಾಂಬಿನೇಷನ್ ಬ್ಯಾನ್ ಮಾಡ್ತಲ್ಲ ಅಣ್ಣಾ, ಅಸೆಕ್ಲೋಫೆನಾಕ್ (ಇನ್ನೊಂದು ನೋವಿನ ಔಷಧಿ) 50 ಪ್ಯಾರಸಿಟಮಾಲ್ 125 ಅದ್ರಲ್ಲಿತ್ತು.

ಕುಶಾಲನಗರ ಮೆಡಿಕಲ್: ಇದು ಅದ್ರಲ್ಲಿಲ್ಲ. ಓದಿ ಮಾತಾಡು ತಮ್ಮಾ.

ನಾಪೋಕ್ಲು ಅಂಕಲ್: *ಬಂದ ಹಾಗೆ ಕಳಿಸ್ತಿದ್ದೀನಿ* ಕಕ್ಕಡ (ಆಟಿ) ತಿಂಗಳ 18ಕ್ಕೆ ಮದ್ದು ಸೊಪ್ಪಿನಲ್ಲಿ 18 ಔಷಧಿ ಸೇರ್ತವೆ, ಒಂದು ನೋವಿನ ಮಾತ್ರೆ ಜೊತೆ ಕುಡಿದ್ರೆ ಮಂಡಿನೋವು ಮಾಯ. 10 ಗ್ರೂಪಿಗೆ ಕಳಿಸಿ.

ಡಾಕ್ಟ್ರು: ಅಂಕಲ್, ನಾನೂ ಪ್ರತಿ ವರ್ಷ ಮದ್ದು ಪಾಯಸ ತಿಂತೀನಿ, ಮರುದಿನ ಮೂತ್ರ ಕೆಂಪಗಾಗತ್ತೆ, ಅಜ್ಜಿ "ಹಿಡೀತು" ಅಂತಿದ್ರು. ಬಣ್ಣ ಬಂತು ಅಂದ್ರೆ ಮಂಡಿ ವಾಸಿ ಆಯ್ತು ಅಂತಲ್ಲ. ಜೊತೆಗೆ ಮಾತ್ರೆ ಅಂತ ಸೇರ್ಸಿದವ್ರು ಯಾರು? ದಯವಿಟ್ಟು ಡಿಲೀಟ್ ಮಾಡಿ.

ನಾಪೋಕ್ಲು ಅಂಕಲ್: ಹಿರಿಯರು ಸುಳ್ಳಾ ಹಾಗಾದ್ರೆ?

ಸೋಮವಾರಪೇಟೆ ತೋಟ: ಹಿರಿಯರು ವಾಟ್ಸಾಪ್ ಮಾಡ್ತಿರ್ಲಿಲ್ಲ.

ನಾಪೋಕ್ಲು ಅಂಕಲ್: ನಮ್ಮ ಪದ್ಧತಿ ನಿಂಗೆ ತಮಾಷೆನಾ?

ಸೋಮವಾರಪೇಟೆ ತೋಟ: ನಮ್ಮನೇಲೂ ಆಟಿ ಸೊಪ್ಪು ಬೇಯಿಸ್ತಾರೆ ಸ್ವಾಮಿ, ನಿಮ್ಮೊಬ್ರದ್ದೇ ಅಲ್ಲ.

ಅಡ್ಮಿನ್: ಇಬ್ರೂ ನಿಲ್ಸಿ.

ಬೈಲುಕುಪ್ಪೆ ಹೈನು: ದನಕ್ಕೆ ಅಸೆಕ್ಲೋಫೆನಾಕ್ ಆಗತ್ತಾ?

ಡಾಕ್ಟ್ರು: ಇಲ್ಲ. 2023ರಿಂದ ಪ್ರಾಣಿಗಳಿಗೆ ಬ್ಯಾನ್. ದನದ ಮೈಲಿ ಅದು ಡೈಕ್ಲೋಫೆನಾಕ್ ಆಗತ್ತೆ, ಸತ್ತ ದನ ತಿಂದ ರಣಹದ್ದು ಸಾಯತ್ತೆ.

ಗೋಣಿಕೊಪ್ಪ ಅಕ್ಕ: ಬೆಕ್ಕಿಗೆ ಕಾಲು ಮಾತ್ರೆ ಆದ್ರೆ?

ಡಾಕ್ಟ್ರು: ಮೇಲೆ ಓದಿ ಅಕ್ಕಾ. ಕಾಲೂ ಬೇಡ, ಚೂರೂ ಬೇಡ.

ಸಿದ್ದಾಪುರ ತೋಟ: ಮಳೆಗೆ ಮರ ಬಿದ್ದಿತ್ತು, ಈಗ ತಲುಪಿದ್ವಿ. ಡ್ರಿಪ್ ಹಾಕಿದ್ರು, ರಕ್ತ ತೆಗ್ದಿದಾರೆ.

ಡಾಕ್ಟ್ರು: ರಿಪೋರ್ಟ್ ಬಂದ್ಮೇಲೆ ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ನಂಬರ್ ನಂಗೇ ಕಳ್ಸಿ, ಗ್ರೂಪಿಗೆ ಬೇಡ.