ಎಲ್ಲ ನನ್ನ ತಲೆಯಲ್ಲೇ ಇದೆ, ತಲೆ ಕೈಕೊಟ್ಟರೆ?

ಕೊಡಗಿನ ನಾಪೋಕ್ಲು ಕಡೆಯ ತಾಯಿಯ ಪ್ರಶ್ನೆ

ಮಗನಿಗೆ ನಾಲ್ಕು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬರುವುದಿಲ್ಲ, ಜೊತೆಗೆ ಫಿಟ್ಸ್. ನುಂಗಲು ಆಗುವುದಿಲ್ಲ ಅಂತ ಆರು ತಿಂಗಳ ಹಿಂದೆ ಹೊಟ್ಟೆಗೆ ಟ್ಯೂಬ್ ಹಾಕಿದ್ದಾರೆ. ಫಿಟ್ಸಿಗೆ ಬೆಂಗಳೂರು, ಟ್ಯೂಬಿಗೆ ಮಂಗಳೂರು, ಥೆರಪಿಗೆ ಮೈಸೂರು, ಜ್ವರ ಬಂದರೆ ಮಡಿಕೇರಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವುದೇ ಇಲ್ಲ. ಮನೆಯವರು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ಕಾಫಿ ಕುಯ್ಲು ಶುರುವಾದರೆ ಭಾನುವಾರವೂ ರಜೆ ಇಲ್ಲ. ಅತ್ತೆಗೆ ಮಂಡಿನೋವು. ದೊಡ್ಡವಳು ಐದನೇ ಕ್ಲಾಸು. ಯಾವ ಔಷಧಿ ಎಷ್ಟು, ಯಾವ ಡಾಕ್ಟರ್ ಯಾವಾಗ, ಎಲ್ಲ ನನ್ನ ತಲೆಯಲ್ಲೇ ಇದೆ. ತಲೆ ಕೈಕೊಟ್ಟರೆ? ಮಳೆಗಾಲ ಬೇರೆ ಬಂತು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಕುಶಾಲನಗರದ ತಾಯಿ

ತಂಗೀ, ನನ್ನ ಮಗನಿಗೆ ಈಗ 13. ನೀವು ಹೇಳಿದ್ದೆಲ್ಲ ನಮ್ಮ ಮನೆಯಲ್ಲೂ ಆಗಿದೆ, ಒಂದು ಕಥೆ ಹೇಳುತ್ತೇನೆ.

ಅವನಿಗೆ ಏಳು ವರ್ಷ ಇದ್ದಾಗ ನ್ಯುಮೋನಿಯಾ ಅಂತ ಒಂದು ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿಯಿತು, ಫಿಟ್ಸ್ ಏರಿತು. ದಿನಕ್ಕೆ ಒಂದೋ ಎರಡೋ ಬರುತ್ತಿದ್ದದ್ದು ಹತ್ತು ದಾಟಿತು. ಜ್ವರಕ್ಕೆ ಹಾಗಾಗುತ್ತೆ ಅಂದರು, ನಾನೂ ನಂಬಿದೆ. ಮೂರನೇ ದಿನ ತಡೆಯಲಾರದೆ ಫಿಟ್ಸ್ ಡಾಕ್ಟರಿಗೆ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆ, ‘ಆಂಟಿಬಯಾಟಿಕ್ ಯಾವುದು?’ ಮೆರೊಪೆನೆಮ್. ಫಿಟ್ಸಿಗೆ ಮಗ ಕುಡಿಯುತ್ತಿದ್ದದ್ದು ವಾಲ್‌ಪ್ರೊಯೇಟ್. ಅದರ ಜೊತೆ ಇದು ಕೊಟ್ಟರೆ ರಕ್ತದಲ್ಲಿ ವಾಲ್‌ಪ್ರೊಯೇಟ್ ಒಂದೆರಡು ದಿನದಲ್ಲೇ ಕುಸಿದುಬಿಡುತ್ತದೆ. ಕೇಸ್ ಶೀಟಿನಲ್ಲಿ ‘ಫಿಟ್ಸ್ ಔಷಧಿ ಮುಂದುವರಿಸಿ’ ಅಂತಷ್ಟೇ ಇತ್ತು, ಔಷಧಿಯ ಹೆಸರೇ ಇರಲಿಲ್ಲ. ನಾನಾದರೂ ಹೇಳಿದ್ದೆನೇ? ‘ಗುಲಾಬಿ ಸಿರಪ್ಪು’ ಅಂದಿದ್ದೆ.

ಅಂದಿನಿಂದ ಒಂದು ಹಾಳೆ. ಫೈಲ್ ಅಲ್ಲ, ಹಾಳೆ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ್ ಇನ್ನೂರು ಪುಟ ತಿರುವಿ ಹಾಕುವುದಿಲ್ಲ. ಮೇಲೆ ಮಗುವಿನ ತೂಕ, ತೂಗಿದ ತಾರೀಖು. ಕಾಯಿಲೆಗಳು. ಪ್ರತಿ ಔಷಧಿಯ ಪೂರ್ತಿ ಹೆಸರು, ಹೊತ್ತು, ಪ್ರಮಾಣ. ಆಗದ ಔಷಧಿಗಳು. ಟ್ಯೂಬಿನ ಸೈಜು. ಮಾಮೂಲಿ ಫಿಟ್ಸ್ ಹೇಗೆ ಬರುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ. ಯಾವ ಡಾಕ್ಟರಿಗೆ ಯಾವ ವಿಷಯಕ್ಕೆ ಫೋನು. ನನ್ನ ಹಾಳೆಯ ಕೊನೇ ಸಾಲು: ‘ಅಪ್ಪನ ಶಿಳ್ಳೆಗೆ ನಗಲಿಲ್ಲ ಅಂದರೆ ಅವನಿಗೆ ಎಲ್ಲೋ ನೋವಿದೆ.’ ಹೋದ ವರ್ಷ ಒಬ್ಬ ನರ್ಸ್ ಅದನ್ನೇ ಮೊದಲು ಓದಿ, ಇವರ ಕೈಲಿ ಶಿಳ್ಳೆ ಹಾಕಿಸಿ ನೋಡಿದರು.

ಇನ್ನೊಂದು. ದೊಡ್ಡ ಡಾಕ್ಟರುಗಳು ನಾಲ್ಕು ಊರಲ್ಲಿರಲಿ, ಹತ್ತಿರದ ಒಬ್ಬ ಮಕ್ಕಳ ಡಾಕ್ಟರನ್ನು ಹಿಡಿದುಕೊಳ್ಳಿ. ಮಗು ಆರಾಮಾಗಿರುವಾಗಲೇ ಕರೆದುಕೊಂಡು ಹೋಗಿ, ‘ಎಲ್ಲ ಚೀಟಿ ನಿಮಗೇ ತಂದು ತೋರಿಸುತ್ತೇನೆ, ಒಂದಕ್ಕೊಂದು ತಾಳೆ ನೋಡಿ ಹೇಳುತ್ತೀರಾ’ ಅಂತ ಬಾಯಿಬಿಟ್ಟು ಕೇಳಿ. ಇಬ್ಬರು ಆಗುವುದಿಲ್ಲ ಅಂದರು, ಮೂರನೆಯವರು ಒಪ್ಪಿದರು. ಹೊಸ ಔಷಧಿ ಯಾರೇ ಬರೆಯಲಿ, ಅವರನ್ನು ಕೇಳದೆ ನಾನು ಬಾಟಲಿ ಬಿರಡೆ ತೆಗೆಯುವುದಿಲ್ಲ.

ವಿರಾಜಪೇಟೆಯಿಂದ, ನಿವೃತ್ತ ಸ್ಟಾಫ್ ನರ್ಸ್

ಹಾಳೆಯ ಮಾತು ಸರಿ. ಆದರೆ ಮಗಳೇ, ಪ್ರಮಾಣವನ್ನು ಬರೀ ಎಂ.ಎಲ್. ಅಂತ ಬರೆಯಬೇಡಿ. ವಾಲ್‌ಪ್ರೊಯೇಟ್ ಸಿರಪ್ ಸಾಮಾನ್ಯವಾಗಿ 5 ಎಂ.ಎಲ್.ಗೆ 200 ಮಿ.ಗ್ರಾಂ. ಫಿಟ್ಸಿನದೇ ಇನ್ನೊಂದು ಔಷಧಿ, ಲೆವೆಟಿರಸಿಟಮ್ ಸಿರಪ್, 1 ಎಂ.ಎಲ್.ಗೇ 100 ಮಿ.ಗ್ರಾಂ. ಎರಡೂ ಬಾಟಲಿ ಅಕ್ಕಪಕ್ಕ ಇರುತ್ತವೆ. 2.5 ಎಂ.ಎಲ್. ಅಂದರೆ ಒಂದರಲ್ಲಿ 100 ಮಿ.ಗ್ರಾಂ, ಇನ್ನೊಂದರಲ್ಲಿ 250! ಮಿ.ಗ್ರಾಂ, ಎಂ.ಎಲ್. ಎರಡೂ ಬರೆದು, ಬಾಟಲಿಗೆ ಬಣ್ಣದ ಟೇಪ್ ಸುತ್ತಿ, ಸಿರಿಂಜಿಗೂ ಅದೇ ಬಣ್ಣದ ಟೇಪ್ ಸುತ್ತಿ. ಕನ್ನಡಕ ಸಿಗದ ಹೊತ್ತಲ್ಲೂ ಅತ್ತೆಗೆ ಗೊತ್ತಾಗುತ್ತದೆ.

ಹೊಟ್ಟೆಯ ಟ್ಯೂಬ್ ಕಿತ್ತು ಬಂದರೆ ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ. ನಾಪೋಕ್ಲಿನಿಂದ ಮಂಗಳೂರಿಗೆ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಮುಂದಿನ ಸಲ ಹೋದಾಗ, ಹಾಗಾದರೆ ರಂಧ್ರ ಮುಚ್ಚದ ಹಾಗೆ ಫೋಲಿ ಕ್ಯಾತಿಟರ್ ಅನ್ನುವ ಮೆತ್ತನೆಯ ನಳಿಕೆ ಇಟ್ಟು ಪ್ಲಾಸ್ಟರ್ ಹಾಕಿ ಹೊರಡುವುದನ್ನು ನಿಮಗೂ ಮನೆಯವರಿಗೂ ಕಲಿಸಿಕೊಡಲು ಕೇಳಿ. ಅವರು ಕಲಿಸದೆ ಕೈ ಹಾಕಬೇಡಿ. ಇಟ್ಟರೂ ಡಾಕ್ಟರ್ ನೋಡುವವರೆಗೆ ಅದರಲ್ಲಿ ಹಾಲು, ಗಂಜಿ ಏನೂ ಬಿಡಬೇಡಿ.

ಫಿಟ್ಸ್ ಬಂದಾಗ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಇವತ್ತಿಗೂ ನಿಂತಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇ ಇದ್ದರೆ ಅವರು ಹೇಳಿದ ಹಾಗೆ ಹೊಡೆದು, 108ಕ್ಕೆ ಫೋನ್ ಮಾಡಿ ಹೊರಡಿ.

ಸಿದ್ದಾಪುರ ಹತ್ತಿರದ ತೋಟದಿಂದ, ಒಬ್ಬ ಅಪ್ಪ

ನಾವು ಲೈನ್ ಮನೆಯವರು, ತೋಟದ ಕೂಲಿಯವರು. ಮಗಳಿಗೆ ಎಂಟು ವರ್ಷ. ನನ್ನದು ದುಡ್ಡಿನ ಮಾತು.

ಮೊದಲು ಯು.ಡಿ.ಐ.ಡಿ. ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ, ಅಂಗವಿಕಲರ ಸೌಲಭ್ಯಗಳಿಗೆ ಹೆಚ್ಚಾಗಿ ಅದನ್ನೇ ಕೇಳುತ್ತಾರೆ. ಅರ್ಜಿ ಹಾಕಲು ನಮಗೆ ಸಹಾಯ ಮಾಡಿದ್ದು ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ಅಂಗವಿಕಲರಿಗಾಗಿಯೇ ಇರುವ ಕಾರ್ಯಕರ್ತರು. ಅಂಥವರಿದ್ದಾರೆ ಅಂತಲೇ ನನಗೆ ಮೂರು ವರ್ಷ ಗೊತ್ತಿರಲಿಲ್ಲ. ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಥೆರಪಿ ಬಿಲ್ಲಿಗೂ ಸ್ವಲ್ಪ ಸಿಗುತ್ತದೆ, ಬಿಲ್ ಎಸೆಯಬೇಡಿ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಬೇಕು. ಚೀಟಿ ಇಲ್ಲದೆ ಹೋಗಿ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಕಳೆದುಕೊಂಡು ವಾಪಸ್ ಬಂದಿದ್ದೇನೆ.

ಅಂಗವಿಕಲರ ರಿಯಾಯಿತಿ ಬಸ್ ಪಾಸ್ ಮನೆಯಿಂದ 100 ಕಿ.ಮೀ.ವರೆಗೆ ಮಾತ್ರ. ಕುಶಾಲನಗರದವರಿಗೆ ಮೈಸೂರು ಅದರೊಳಗೆ ಬರುತ್ತದೆ, ಮಡಿಕೇರಿಯವರಿಗೆ ಬರುವುದಿಲ್ಲ. ರೈಲಿನ ರಿಯಾಯಿತಿಯೂ ಇದೆ, ಕೊಡಗಿಗೆ ರೈಲೇ ಇಲ್ಲ, ಏನು ಮಾಡೋಣ!

ಇಲ್ಲಿ ಸಂಜೆಯಾದರೆ ರಸ್ತೆಯಲ್ಲಿ ಆನೆ. ಅದಕ್ಕೇ ಸಂಶಯ ಬಂದರೆ ನಾಲ್ಕು ಗಂಟೆಗೇ ಹೊರಡುತ್ತೇವೆ, ‘ನೋಡೋಣ’ ಅಂತ ರಾತ್ರಿಯವರೆಗೆ ಕಾಯುವುದಿಲ್ಲ.

ಮದೆನಾಡು ಕಡೆಯಿಂದ

ಮಳೆಗಾಲದ್ದು ಮಾತ್ರ ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಂಗಳೂರು ರಸ್ತೆ ಮುಚ್ಚಿದಾಗ ನಮ್ಮ ಅಣ್ಣನ ಮಗುವಿನ ಫಿಟ್ಸ್ ಔಷಧಿ ಇನ್ನು ಎರಡು ದಿನಕ್ಕಿತ್ತು. ಜೂನ್ ಮೊದಲೇ ಒಂದು ತಿಂಗಳ ಔಷಧಿ ಹೆಚ್ಚಿಗೆ ಇಡಿ, ಮೆಡಿಕಲ್ ಶಾಪಿನವರಿಗೆ ಮುಂಚೆ ಹೇಳಿದರೆ ಅದೇ ಕಂಪನಿಯದ್ದು ತರಿಸುತ್ತಾರೆ. ಭಾಗಮಂಡಲದಲ್ಲಿ ನೀರು ಏರಿದರೆ ನಾಪೋಕ್ಲು ರಸ್ತೆಯೂ ಮುಳುಗುತ್ತದೆ, ಅದು ನಿಮಗೆ ನಾನು ಹೇಳಬೇಕಾಗಿಲ್ಲ. ಕಫ ತೆಗೆಯುವ ಸಕ್ಷನ್ ಮಷಿನ್ ಇದ್ದರೆ, ಕಾಲಲ್ಲಿ ತುಳಿಯುವಂಥದ್ದೂ ಒಂದು ಇರಲಿ. ನಮ್ಮಲ್ಲಿ ಆ ವರ್ಷ ಕರೆಂಟು ವಾರಗಟ್ಟಲೆ ಇರಲಿಲ್ಲ, ಇನ್ವರ್ಟರ್ ಒಂದೇ ರಾತ್ರಿಗೆ ಖಾಲಿ. ಅತ್ತಿಗೆ ಮಗುವನ್ನು ಹಿಡಿದುಕೊಳ್ಳುವುದು, ಅಣ್ಣ ತುಳಿಯುವುದು, ನಾನು ಟಾರ್ಚ್ ಹಿಡಿಯುವುದು.

ಗೋಣಿಕೊಪ್ಪದಿಂದ, ಕಾಲೇಜು ಓದುವ ಅಕ್ಕ

ಆಂಟಿ, ನಾನು ನಿಮ್ಮ ದೊಡ್ಡ ಮಗಳ ಪರವಾಗಿ ಬರೆಯುತ್ತಿದ್ದೇನೆ. ನನ್ನ ತಮ್ಮನೂ ಹೀಗೇ. ನನಗೆ ಹತ್ತು ವರ್ಷ ಇದ್ದಾಗ ಅಮ್ಮ ಅವನ ಜೊತೆ ಆಸ್ಪತ್ರೆಯಲ್ಲಿ 21 ದಿನ ಇದ್ದರು. ಮನೆಗೆ ಬಂದವರೆಲ್ಲ ಕೇಳಿದ್ದು ತಮ್ಮ ಹೇಗಿದ್ದಾನೆ ಅಂತ. ನಾನು ಪರೀಕ್ಷೆಯಲ್ಲಿ ಬೇಕಂತಲೇ ಕಡಿಮೆ ಅಂಕ ತೆಗೆದೆ, ಅದನ್ನೂ ಯಾರೂ ನೋಡಲಿಲ್ಲ. ಅವಳಿಗೂ ಒಂದು ಕೆಲಸ ಕೊಡಿ, ಆದರೆ ಚಿಕ್ಕದು. ನನಗೆ ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ ಫಿಟ್ಸ್ ಬಂದ ದಿನಕ್ಕೆ ಕೆಂಪು ಚುಕ್ಕಿ ಇಡುವುದು. ಆಮೇಲೆ ವಾರಕ್ಕೊಂದು ಸಂಜೆ ಅವಳ ಜೊತೆ ನೀವೊಬ್ಬರೇ ಪೇಟೆಗೆ ಹೋಗಿ ಬನ್ನಿ. ಆ ಸಂಜೆ ತಮ್ಮನ ಸುದ್ದಿ ಬೇಡ.

ಕುಶಾಲನಗರದ ತಾಯಿ, ಮತ್ತೆ

ಇದನ್ನು ಓದಿ ಸುಮ್ಮನೆ ಕೂತೆ. ನನ್ನ ದೊಡ್ಡವನಿಗೆ ಈಗ 17.

ತಂಗೀ, ನಿಮ್ಮ ವಿಷಯವೂ ಬಿಟ್ಟುಹೋಯಿತು. ನಿದ್ದೆ ಬಾರದೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮಾಡಿದ್ದೇನೆ.

ಪ್ರಶ್ನೆ ಕೇಳಿದವರು, ಹತ್ತು ದಿನದ ಮೇಲೆ

ಹಾಳೆ ಬರೆದೆ. ಲ್ಯಾಮಿನೇಟ್ ಮಾಡಿಸಲು ಹೊರಟಿದ್ದೆ, ಡೋಸ್ ಬದಲಾದರೆ ಏನು ಮಾಡ್ತೀಯ ಅಂತ ಮನೆಯವರು ತಡೆದರು. ಈಗ ಪ್ಲಾಸ್ಟಿಕ್ ಕವರಿನಲ್ಲಿದೆ, ಪೆನ್ಸಿಲಿನಲ್ಲಿ. ಒಂದು ಪ್ರತಿ ಅಲ್ಮೇರಾ ಬಾಗಿಲ ಒಳಗೆ, ಒಂದು ಇವರ ಜೀಪಿನಲ್ಲಿ, ಒಂದು ಮಡಿಕೇರಿಯ ಡಾಕ್ಟರ ಹತ್ತಿರ. ಅವರು ಒಪ್ಪಿದ್ದಾರೆ.

ಮೊನ್ನೆ ನಾನು ಅಂಗನವಾಡಿಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನದ ಔಷಧಿ ಅತ್ತೆಯೇ ಟ್ಯೂಬಿಗೆ ಹಾಕಿ ಆಗಿತ್ತು. ಹಳದಿ ಟೇಪ್, ಹಳದಿ ಸಿರಿಂಜ್, ಆಮೇಲೆ ನೀರು. ನಾನು ಮೂರು ಸಲ ಕೇಳಿದೆ. ‘ಇಷ್ಟು ದಿನ ನೀನು ಯಾರಿಗೆ ಹೇಳಿಕೊಟ್ಟಿದ್ದೆ?’ ಅಂದರು.