ಸಹಾಯ ಬೇಕು: ನಿಂಟೆಂಡೊ 64 ಹ್ಯಾಂಡ್‌ಹೆಲ್ಡ್, ಪವರ್ ಸಮಸ್ಯೆ

ಹಳೆಯ ನಿಂಟೆಂಡೊ 64 ಕನ್ಸೋಲನ್ನು ಕೈಯಲ್ಲಿ ಹಿಡಿದು ಆಡುವ ಹಾಗೆ ಮಾಡುತ್ತಿದ್ದೇನೆ. ಎಮ್ಯುಲೇಟರ್ (ಕನ್ಸೋಲನ್ನು ಅನುಕರಿಸುವ ಸಾಫ್ಟ್‌ವೇರ್) ಬೇಡ, ಅಸಲಿ ಬೋರ್ಡೇ ಓಡಬೇಕು ಅನ್ನೋ ಆಸೆ.

ಇದರ ಮೂಲ ಅಡಾಪ್ಟರ್ 3.3 ವೋಲ್ಟ್, 12 ವೋಲ್ಟ್ ಎರಡನ್ನೂ ಕೊಡುತ್ತದೆ. 3.3ರ ಲೈನಿಗೇ 2.7 ಆಂಪಿಯರ್ ರೇಟಿಂಗ್ ಇದೆ, ಅಂದರೆ ಕರೆಂಟ್ ಜಾಸ್ತಿನೇ ಅಲ್ವಾ. ಎರಡು 18650 (ರೀಚಾರ್ಜ್ ಆಗುವ ಲಿಥಿಯಂ) ಸೆಲ್‌ಗಳನ್ನು ಸೀರೀಸ್‌ನಲ್ಲಿ ಹಾಕಿ, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್‌ನಿಂದ 3.3ಕ್ಕೆ ಇಳಿಸಿದ್ದೇನೆ. ಲೋಗೋ ಚೆನ್ನಾಗಿ ಬರುತ್ತದೆ. ಆದರೆ ಪರದೆಯ ಬೆಳಕು ಹೆಚ್ಚಿಸಿದ ತಕ್ಷಣ ಆಟ ರೀಸೆಟ್! ಕನ್ವರ್ಟರ್ ಹತ್ತಿರ ವೋಲ್ಟೇಜ್ ಸರಿಯಾಗಿದೆ, ಬೋರ್ಡಿನ ಹತ್ತಿರ ಅಳೆದರೆ 3.0ಕ್ಕೆ ಕುಸಿಯುತ್ತದೆ.

ಪರದೆಯ ಗ್ರೌಂಡೂ (ಕರೆಂಟ್ ವಾಪಸ್ ಬರುವ ದಾರಿ) ಬೋರ್ಡಿನ ತೆಳ್ಳನೆಯ ವೈರಿನಲ್ಲೇ ವಾಪಸ್ ಬರುತ್ತಿದೆ. ಅದೇ ಕಾರಣ ಇರಬಹುದಾ? ದಪ್ಪ ವೈರ್ ಸಾಕಾ, ಬೋರ್ಡ್ ಪಕ್ಕ ಕೆಪಾಸಿಟರೂ ಬೇಕಾ? ಕೇಸ್ ಒಳಗೆ ಜಾಗ ತುಂಬಾ ಕಮ್ಮಿ. ಇಂಥದ್ದು ಕಟ್ಟಿದವರು ದಯವಿಟ್ಟು ನಿಮ್ಮ ವೈರಿಂಗ್ ಫೋಟೋ ಹಾಕಿ.