ಸಹಾಯ ಬೇಕು: ಪೆಪ್ಟೈಡ್ ಕಾಲಮ್ಮಿಂದ ಹೊರಗ ಬರವಲ್ದು

ನಮಸ್ಕಾರ್ರಿ, ನಾ ಕಲಬುರಗ್ಯಾಗ ಪಿಎಚ್‌ಡಿ ಮಾಡ್ಲಾಕತ್ತೀನಿ, ವ್ಯಾಕ್ಸಿನ್ ಕೆಲ್ಸಕ್ಕ ಇನ್ಫ್ಲುಯೆಂಜಾ (ಫ್ಲೂ) ವೈರಸ್ಸಿನ ಎಂ1 ಪ್ರೋಟೀನಿಂದು 58ರಿಂದ 66ರ ತನಕ 9 ಅಮೈನೋ ಆಸಿಡ್ ತುಂಡು (ಪೆಪ್ಟೈಡ್) ಬೇಕಾಗ್ಯದ, ನೀರಿಗಿ ಒಟ್ಟ ಕೂಡಂಗಿಲ್ರಿ ಅದು. ರೆಸಿನ್ (ಸಣ್ಣ ಪ್ಲಾಸ್ಟಿಕ್ ಮಣಿ) ಮ್ಯಾಲ ಎಫ್‌ಮಾಕ್ ಪದ್ಧತೀಲೆ, ಅಂದ್ರ ಒಂದೊಂದೇ ಅಮೈನೋ ಆಸಿಡ್ ಜೋಡ್ಸಿ, ಕಟ್ಟೋದು ಆತು, ಮಾಸ್ (ಅಣುವಿನ ತೂಕ) ಬರೋಬ್ಬರಿ ಬಂದದ, ಖರೆ ತ್ರಾಸ ಪ್ಯೂರಿಫಿಕೇಶನ್‌ದು. ಡಿಎಂಎಸ್‌ಓ ಅನ್ನೋ ದ್ರಾವಕದಾಗ ಕರಗ್ತದ (ಮೆಥಿಯೋನಿನ್, ಸಿಸ್ಟೀನ್ ಇಲ್ಲ, ಹಂಗಾಗಿ ಆಕ್ಸಿಡೈಸ್ ಆಗೋ ಚಿಂತಿ ಇಲ್ಲ) ಆದ್ರ ಎಚ್‌ಪಿಎಲ್‌ಸಿಗಿ (ಕಾಲಮ್ ಅನ್ನೋ ತುಂಬಿದ ಕೊಳವಿ ಒಳಗ ಹರಿಸಿ ಬ್ಯಾರೆ ಮಾಡೋ ಯಂತ್ರ) ಹಾಕಿ ನೀರು ತಾಕಿದ ಕೂಡ್ಲೇ ಗಂಟು ಕಟ್ತದ, ಅರ್ಧಕ್ಕರ್ಧ ಸಿ18 ಕಾಲಮ್ನಾಗೇ (ನೀರಿಗಿ ಕೂಡದಿದ್ದನ್ನ ಗಟ್ಟಿ ಹಿಡಿತದ ಅದು) ಕುಂದ್ರತದ. ಹಿಡಿತ ಕಮ್ಮಿ ಇರೋ ಸಿ4 ಕಾಲಮ್ ಹಾಕಿ, ಅಸಿಟೋನೈಟ್ರೈಲ್ ದ್ರಾವಕದ ಜೊತಿ ಐಸೋಪ್ರೊಪನಾಲ್ ಕೂಡ್ಸಿ, ಕಾಲಮ್ 60 ಡಿಗ್ರಿಗಿ ಕಾಸಿ ನೋಡ್ಲೇನ್ರಿ? ತುದಿಗಿ ಲೈಸಿನ್ (ನೀರಿಗಿ ಕೂಡೋ ಅಮೈನೋ ಆಸಿಡ್) ಹಚ್ಚಿದ್ರ ಕರಗ್ತದ ಖರೆ, ಆದ್ರ ಎಚ್‌ಎಲ್‌ಎ-ಎ2 ದಾಗ (ಈ ತುಂಡನ್ನ ರೋಗನಿರೋಧಕ ಕಣಕ್ಕ ತೋರ್ಸೋ ನಮ್ಮ ಕಣದ ಪ್ರೋಟೀನ್) ಹಿಡ್ಕೊಳ್ಳಾಕ ಕೊನಿ ಲ್ಯೂಸಿನ್ ಬಾಳ ಮುಖ್ಯ, ಅದನ್ನ ಕೆಡಿಸ್ಲಿಕ್ಕಿ ಮನಸ್ಸಿಲ್ಲ. ಮಾಡಿದವ್ರು ಯಾರರೆ ಇದ್ರ ದಯಮಾಡಿ ಹೇಳ್ರಿ, ಉಳಿದಿದ್ದು 20 ಮಿಲಿಗ್ರಾಂ ಅಷ್ಟೇ.